ರಾಯಚೂರಿನ 300 ಬೇಲ್ ಹತ್ತಿ, ಬೆನಾಪೋಲ್ ಗೇಟು, ಪದ್ಮಾ ಫೆರಿ: ಒಂದು ಪ್ರಕರಣ

ಭಾರತದ ಹತ್ತಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಬಾಂಗ್ಲಾದೇಶ. ಅಲ್ಲಿ ಹತ್ತಿ ಬೆಳೆಯೋದು ತೀರಾ ಕಡಿಮೆ, ನೂಲಿನ ಗಿರಣಿಗಳು ಮಾತ್ರ ನೂರಾರು. ಹತ್ತಿಯ ಬೀಜ ಬಿಡಿಸಿ, ಒತ್ತಿ ಬೇಲ್ (ಗಂಟು) ಕಟ್ಟುವ ರಾಯಚೂರಿನ ಜಿನ್ನಿಂಗ್ ಮಿಲ್‌ಗಳಿಂದ ಅಲ್ಲಿಗೆ ಮಾಲು ಹೋಗೋದು ಹೊಸ ಸುದ್ದಿ ಏನಲ್ಲ. ಹಡಗಿಗೆ ಹಾಕಿದರೆ ಚಿತ್ತಗಾಂಗ್ ಬಂದರು, ಲಾರಿಗೆ ಹಾಕಿದರೆ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ದಾಟಿ ಗಡಿಯಾಚೆಯ ಬೆನಾಪೋಲ್. ಇದು ಲಾರಿ ದಾರಿ ಹಿಡಿದ ಮಾಲಿನ ಕಥೆ. ಡಿಸೆಂಬರ್ 2021ರಲ್ಲಿ ಶುರುವಾಗಿ ಮುಂದಿನ ತಿಂಗಳವರೆಗೆ ಎಳೆಯಿತು. ಕಾಗದಪತ್ರದ ಕೆಲಸ ನನ್ನ ಕೈಯಲ್ಲಿತ್ತು. ಮಿಲ್, ಖರೀದಿದಾರ, ಬ್ಯಾಂಕು, ಲಾರಿ ಮಾಲೀಕ, ಯಾರ ಹೆಸರೂ ಇಲ್ಲಿ ಬೇಡ.

ವ್ಯವಹಾರ ಸರಳವಾಗಿತ್ತು. 300 ಬೇಲ್, ಒಂದೊಂದು 170 ಕೆ.ಜಿ. ಆಸುಪಾಸು, ಒಟ್ಟು 51 ಟನ್. ಲಾರಿಗೆ 100ರಂತೆ ಮೂರು ಲಾರಿ. ಕೊನೆಗೆ ತಲುಪಬೇಕಾದ್ದು ಢಾಕಾ ಪಕ್ಕದ ಗಾಜೀಪುರದ ಒಂದು ನೂಲಿನ ಗಿರಣಿ. ಹಣ ಎಲ್‌ಸಿ ಮೇಲೆ, ಅಂದರೆ ಅವರ ಬ್ಯಾಂಕು ಕೊಟ್ಟ ಭರವಸೆ ಪತ್ರದ ಮೇಲೆ. ಹೇಳಿದ ಕಾಗದಗಳನ್ನು ಹೇಳಿದ ದಿನದೊಳಗೆ ಕೊಟ್ಟರೆ ಬ್ಯಾಂಕು ಹಣ ಕೊಡಬೇಕು. ಹತ್ತಿ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಬ್ಯಾಂಕಿನ ತಲೆನೋವಲ್ಲ. ಅದು ನೋಡೋದು ಕಾಗದ ಮಾತ್ರ.

ಎಲ್‌ಸಿಯಲ್ಲಿ ಕೇಳಿದ್ದ ಕಾಗದಗಳು: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಮಾಲು ಭಾರತದ್ದು ಅನ್ನೋ ಮೂಲ ಪ್ರಮಾಣಪತ್ರ, ಕೀಟ-ರೋಗ ಇಲ್ಲ ಅನ್ನೋ ಫೈಟೊಸ್ಯಾನಿಟರಿ ಸರ್ಟಿಫಿಕೇಟ್, ಮಾಲು ಹೇರಿಕೊಂಡದ್ದಕ್ಕೆ ಲಾರಿಯವರು ಕೊಟ್ಟ ರಶೀದಿ, ಅಂದರೆ ಎಲ್‌ಆರ್. ಇಷ್ಟು ಎಲ್ಲ ಕಡೆ ಇರುತ್ತದೆ. ಇವುಗಳ ಕೆಳಗೆ ಇನ್ನೊಂದು ಸಾಲಿತ್ತು: ಬೆನಾಪೋಲ್ ಭೂಬಂದರಿನಲ್ಲಿ ಮಾಲು ಇಳಿಸಿಕೊಂಡ ರಶೀದಿಯ ಪ್ರತಿ. ಮಾಲು ಕಳಿಸಲು ಕೊನೆಯ ದಿನ 20 ಡಿಸೆಂಬರ್. ಎಲ್‌ಸಿ ಮುಗಿಯುವ ದಿನ 10 ಜನವರಿ. ಮಾಲು ಕಳಿಸಿದ 21 ದಿನದೊಳಗೆ ಕಾಗದ ಬ್ಯಾಂಕಿಗೆ ಬರಬೇಕು.

ಈ 21 ದಿನದ ಲೆಕ್ಕವನ್ನು ಯಾವ ಬ್ಯಾಂಕೂ ಸುಮ್ನೆ ಹುಟ್ಟಿಸಿದ್ದಲ್ಲ. ಎಲ್‌ಸಿಗಳಿಗೆ ಜಗತ್ತಿನಾದ್ಯಂತ ನಡೆಯುವ ಯುಸಿಪಿ 600 ಎಂಬ ನಿಯಮಾವಳಿ ಇದೆ. ಅದರ 14ನೇ ಕಲಮಿನಲ್ಲಿ ಈ 21 ದಿನ ಬರುತ್ತದೆ. ರಸ್ತೆ, ರೈಲು, ಒಳನಾಡು ಜಲಮಾರ್ಗದ ಕಾಗದಗಳಿಗೆ 24ನೇ ಕಲಮು. ಅದು ಹೇಳೋದು ಇಷ್ಟು: ಎಲ್‌ಆರ್ ಮೇಲೆ ಬೇರೆ ತಾರೀಖಿನ ಮೊಹರು ಇಲ್ಲದಿದ್ದರೆ, ಎಲ್‌ಆರ್ ಬರೆದ ದಿನವೇ ಮಾಲು ಕಳಿಸಿದ ದಿನ. ಅಂದರೆ ರಾಯಚೂರಿನಲ್ಲಿ ಲಾರಿ ಗೇಟು ದಾಟಿದ ದಿನವೇ ಗಡಿಯಾರ ಶುರು. ಹಡಗಿನ ವ್ಯವಹಾರದಲ್ಲಿ ಹೀಗಾಗಲ್ಲ. ಅಲ್ಲಿ ಬಂದರಿನಲ್ಲಿ ಎಷ್ಟು ದಿನ ಕಾದರೂ, ಮಾಲು ಹಡಗು ಹತ್ತಿದ ಮೇಲೆ ದಿನ ಎಣಿಸುತ್ತಾರೆ. ಲಾರಿಯಲ್ಲಿ ಕಾಯುವ ದಿನಗಳೂ ಲೆಕ್ಕಕ್ಕೇ ಹೋಗುತ್ತವೆ.

ಎಲ್‌ಆರ್ ಬರೆದದ್ದು 9 ಡಿಸೆಂಬರ್. 21 ದಿನ ಮುಗಿಯೋದು 30ಕ್ಕೆ.

ಆರು ದಿನದ ದಾರಿ, ಆರು ಕಿಲೋಮೀಟರ್‌ನ ಕಾಯುವಿಕೆ

ದಾರಿ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ರಾಯಚೂರಿಂದ ಮಖ್ತಲ್, ಮಹಬೂಬ್‌ನಗರ, ಹೈದರಾಬಾದ್. ಅಲ್ಲಿಂದ ವಿಜಯವಾಡ. ಆಮೇಲೆ 16ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ವಿಶಾಖಪಟ್ಟಣ, ಭುವನೇಶ್ವರ, ಕೋಲ್ಕತ್ತಾ. ಕೋಲ್ಕತ್ತಾ ದಾಟಿ ಜೆಸ್ಸೋರ್ ರಸ್ತೆಯಲ್ಲಿ ಬನಗಾಂವ್, ಅದರ ಮುಂದೆ ಪೆಟ್ರಾಪೋಲ್. ಸುಮಾರು 1,800 ಕಿ.ಮೀ. ಮೂರೂ ಲಾರಿ 15ರ ಸಂಜೆ ಬನಗಾಂವ್ ಮುಟ್ಟಿದವು.

ಅಲ್ಲಿ ನಿಂತವು.

ಆ ವರ್ಷದ ಕೊನೆಯಲ್ಲಿ ಆ ಗಡಿಯಲ್ಲಿ ರಫ್ತು ಲಾರಿಗಳು ವಾರಗಟ್ಟಲೆ ಕಾಯುತ್ತಿದ್ದವು. ಊರ ಹೊರಗಿನ ಪಾರ್ಕಿಂಗ್ ಯಾರ್ಡ್‌ನಲ್ಲಿ ನಂಬರ್ ಬರೆಸಿ ನಿಲ್ಲಬೇಕು. ನಂಬರ್ ಬಂದಾಗ ಪೆಟ್ರಾಪೋಲ್ ಚೆಕ್‌ಪೋಸ್ಟಿಗೆ ಬಿಡುತ್ತಾರೆ. ಯಾವ ಲಾರಿ ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ದಿನದ ಪಾರ್ಕಿಂಗ್ ಹಣ ಮಾತ್ರ ತಪ್ಪದೆ ಏರುತ್ತಿತ್ತು. ಮಿಲ್ ಮಾಲೀಕರಾದ ಸಾವ್ಕಾರ್ರು ಫೋನಿನಲ್ಲಿ ಕೇಳಿದರು: "ಏನ್ರೀ, ಇಲ್ಲಿಂದ ಕಲ್ಕತ್ತಾ ದಾಟಾಕ ಆರು ದಿನ ಹಿಡೀತು. ಅಲ್ಲಿಂದ ಆರು ಕಿಲೋಮೀಟರ್ ಹೋಗಾಕ ಎಷ್ಟು ದಿನ ಬೇಕ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿದ್ದ ಕಸ್ಟಮ್ಸ್ ಬ್ರೋಕರ್ ಹತ್ತಿರವೂ ಇರಲಿಲ್ಲ.

ಲಾರಿ ನಿಂತರೂ ಕಾಗದಗಳ ದಿನ ನಿಲ್ಲಲ್ಲ. ಮೊದಲು ಮುಗಿಯುವುದು ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಆನ್‌ಲೈನ್ ಕಾಗದ. 200 ಕಿ.ಮೀ.ಗೆ ಒಂದು ದಿನದ ಲೆಕ್ಕ, ಹಾಗಾಗಿ ಅದು 18ರ ಮಧ್ಯರಾತ್ರಿವರೆಗೆ. ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಮುಂದುವರಿಸಬಹುದು. ಆ ಕಿಟಕಿ ತಪ್ಪಿದರೆ ಮಾಲು ಕಾಗದವಿಲ್ಲದೆ ನಿಂತ ಹಾಗೆ. ಮಿಲ್‌ನ ಗುಮಾಸ್ತರು ಫೋನಿಗೆ ಅಲಾರಂ ಇಟ್ಟು, ಮೂರೂ ಲಾರಿಯದ್ದನ್ನು ಮುಂದುವರಿಸುತ್ತಾ ಹೋದರು.

ವಿಮೆಯದ್ದು ಇದಕ್ಕಿಂತ ಸೂಕ್ಷ್ಮ. ಮಿಲ್ ತೆಗೆದುಕೊಂಡಿದ್ದ ಒಳನಾಡು ಸಾಗಣೆ ಪಾಲಿಸಿಯಲ್ಲಿ ಕೊನೆಯ ಊರು ಪೆಟ್ರಾಪೋಲ್ ಅಂತ ಇತ್ತು. ರಸ್ತೆ ಸಾಗಣೆಗೆ ಈ ಪಾಲಿಸಿಗಳ ನಿಯಮ ಹೀಗಿರುತ್ತದೆ: ಪಾಲಿಸಿಯಲ್ಲಿ ಬರೆದ ಊರಿಗೆ ಲಾರಿ ಬಂದ 7 ದಿನಕ್ಕೆ ರಕ್ಷಣೆ ಮುಗಿಯುತ್ತದೆ. ಬನಗಾಂವ್‌ನ ಯಾರ್ಡ್‌ನಲ್ಲಿ ನಿಂತ ಲಾರಿ ಪೆಟ್ರಾಪೋಲ್ ತಲುಪಿದ ಹಾಗಾ, ಇಲ್ವಾ? ತಲುಪಿದೆ ಅಂದರೆ 22ಕ್ಕೆ ವಿಮೆ ಖಾಲಿ. ಇಲ್ಲ ಅಂದರೆ ಇನ್ನೂ ಇದೆ. ಬೆಂಕಿ ಬಿದ್ದ ಮೇಲೆ ಈ ವಾದ ಮಾಡಿಕೊಂಡು ಕೂರುವ ಬದಲು, 20ನೇ ತಾರೀಖೇ ಸ್ವಲ್ಪ ಹಣ ಕಟ್ಟಿ ಪಾಲಿಸಿಯನ್ನು ಬೆನಾಪೋಲ್‌ನಲ್ಲಿ ಮಾಲು ಇಳಿಸುವವರೆಗೆ ಬರೆಸಿದೆವು. ಹತ್ತಿ ಬೇಲ್ ಅಂದರೆ ಒಂದು ಬೀಡಿ ತುಂಡು ಸಾಕು. ಹೊರಗೆ ಹೊಗೆ ಕಾಣೋ ಹೊತ್ತಿಗೆ ಒಳಗೆ ಹತ್ತಿ ಉರಿದಿರುತ್ತದೆ. ನೂರಾರು ಲಾರಿ ಒತ್ತೊತ್ತಾಗಿ ನಿಂತ ಯಾರ್ಡ್‌ನಲ್ಲಿ, ಚಳಿಗೆ ಡ್ರೈವರ್‌ಗಳು ಅಲ್ಲಲ್ಲಿ ಸ್ಟವ್ ಹಚ್ಚಿ ಅಡುಗೆ ಮಾಡೋ ಜಾಗದಲ್ಲಿ, ಆ ಹಣ ದಂಡ ಅಂತ ನನಗೆ ಅನ್ನಿಸಲಿಲ್ಲ.

21 ದಿನ ಮುಗಿಯುವ ಮುಂಚೆ

ಕ್ರಿಸ್‌ಮಸ್ ಕಳೆಯುವ ಹೊತ್ತಿಗೆ ಒಂದು ಮಾತು ಖಚಿತವಾಯಿತು. 30ರೊಳಗೆ ಬೆನಾಪೋಲ್ ರಶೀದಿ ಕೈಗೆ ಬರಲ್ಲ. ಅದಿಲ್ಲದೆ ಕಾಗದ ಕೊಟ್ಟರೆ ಬ್ಯಾಂಕು "ಡಿಸ್ಕ್ರಿಪೆನ್ಸಿ", ಅಂದರೆ ಕಾಗದ ಎಲ್‌ಸಿಗೆ ಹೊಂದಲ್ಲ ಅಂತ, ಬರೆಯುತ್ತದೆ. ರಶೀದಿ ಬರುವವರೆಗೆ ಕಾಯೋಣ ಅಂದರೆ 21 ದಿನ ದಾಟಿರುತ್ತದೆ. ಆಗಲೂ ಡಿಸ್ಕ್ರಿಪೆನ್ಸಿ. ಎರಡರಲ್ಲಿ ಯಾವುದಾದರೂ ಹಣ ಕೊಡುವ ಭರವಸೆ ಹೋಯಿತು. ಆಮೇಲೆ ಖರೀದಿದಾರನ ಮನಸ್ಸು ಹೇಗಿದೆಯೋ ಹಾಗೆ.

ಮಿಲ್‌ನಲ್ಲಿ ಕೂತು ಮಾತಾಡಿದಾಗ ಮೂರು ಸಲಹೆ ಬಂದವು. ಒಂದು, ಲಾರಿ ಆಫೀಸಿನವರಿಂದ ಹೊಸ ತಾರೀಖು ಹಾಕಿಸಿ ಇನ್ನೊಂದು ಎಲ್‌ಆರ್ ಮಾಡಿಸೋದು. ಇದನ್ನು ಹೇಳಿದವರು ತುಂಬಾ ಸಹಜವಾಗಿ ಹೇಳಿದರು, ಗಂಜ್‌ನಲ್ಲಿ, ಅಂದರೆ ನಮ್ಮ ಪೇಟೆಯಲ್ಲಿ, ಹೀಗೆ ನಡೆಯಲ್ಲ ಅಂತ ನಾನೂ ಹೇಳಲ್ಲ. ಆದರೆ ಇ-ವೇ ಬಿಲ್ಲಿನಲ್ಲಿ, ಟೋಲ್‌ಗಳ ಫಾಸ್ಟ್ಯಾಗ್‌ನಲ್ಲಿ ಲಾರಿ ಹೊರಟ ದಿನ ಕೂತಿದೆ. ಸುಳ್ಳು ತಾರೀಖು ಬ್ಯಾಂಕಿಗೆ ಕೊಟ್ಟರೆ ಅದು ಕಾಗದದ ತಪ್ಪಾಗಿ ಉಳಿಯಲ್ಲ, ಮೋಸವಾಗುತ್ತದೆ. ಅದನ್ನು ಅಲ್ಲೇ ಕೈಬಿಟ್ಟೆವು.

ಎರಡನೆಯದ್ದು ಸಾವ್ಕಾರ್ರದ್ದೇ. ಲಾರಿ ವಾಪಸ್ ಕರೆಸಿ, ಅಥವಾ ಅಲ್ಲೇ ಮಾರಿಬಿಡಿ. ಹುಡುಗಾಟದ ಮಾತಲ್ಲ ಅದು. ಆ ಹಂಗಾಮಿನಲ್ಲಿ ಹತ್ತಿ ದರ ವಾರವಾರ ಏರುತ್ತಿತ್ತು. ಮೇ 2022ರ ಹೊತ್ತಿಗೆ 356 ಕೆ.ಜಿ.ಯ ಖಂಡಿಗೆ 1 ಲಕ್ಷ ರೂಪಾಯಿ ದಾಟಿತು. ಡಿಸೆಂಬರ್ ಕೊನೆಯಲ್ಲೇ ಒಪ್ಪಂದದ ದರಕ್ಕಿಂತ ಪೇಟೆ ದರ ಮೇಲಿತ್ತು. ಒಪ್ಪಂದ ಮುರಿದರೆ ಆ ಹೊತ್ತಿನ ಲೆಕ್ಕದಲ್ಲಿ ಲಾಭವೇ. ಆದರೆ ಅವರು ಮುಂದಿನ ವರ್ಷವೂ ಅದೇ ಗಿರಣಿಗೆ ಮಾರಬೇಕು. ಹತ್ತಿ ವ್ಯಾಪಾರದಲ್ಲಿ ಕೈ ಕೊಟ್ಟವನ ಹೆಸರು ಬೇಗ ಹರಡುತ್ತದೆ. ಲಿವರ್‌ಪೂಲ್‌ನ ಅಂತರರಾಷ್ಟ್ರೀಯ ಹತ್ತಿ ಸಂಘದ ಪಂಚಾಯ್ತಿ ತೀರ್ಪು ಪಾಲಿಸದವರ ಪಟ್ಟಿಯೇ ಇದೆ. ಅದರಲ್ಲಿ ಹೆಸರು ಬಂದರೆ ದೊಡ್ಡ ಖರೀದಿದಾರರು ಮುಟ್ಟಲ್ಲ.

ಮೂರನೆಯದ್ದು ಎಲ್‌ಸಿ ತಿದ್ದುಪಡಿ. ಕಾಗದ ಕೊಡುವ ಅವಧಿ 21ರಿಂದ 45 ದಿನ, ಎಲ್‌ಸಿ ಮುಗಿಯುವ ದಿನ 31 ಜನವರಿ. ಇದಕ್ಕೆ ಖರೀದಿದಾರ ಅರ್ಜಿ ಕೊಡಬೇಕು, ಅವರ ಬ್ಯಾಂಕು ಒಪ್ಪಿ ಕಳಿಸಬೇಕು. ಇಲ್ಲೇ ಏರುತ್ತಿದ್ದ ದರ ನಮ್ಮ ಕೈ ಹಿಡಿಯಿತು. ಹಳೇ ದರದ ಹತ್ತಿ ಕೈತಪ್ಪಬಾರದು ಅನ್ನೋ ಆತುರ ಆ ಕಡೆಯೂ ಇತ್ತು. 27ಕ್ಕೆ ಕೇಳಿದೆವು, 29ಕ್ಕೆ ತಿದ್ದುಪಡಿ ಬಂತು. ಅದರ ಬ್ಯಾಂಕ್ ಖರ್ಚು ಯಾರದ್ದು ಅಂತಲೂ ಯಾರೂ ಜಗಳ ಮಾಡಲಿಲ್ಲ. ದರ ಇಳಿಯುತ್ತಿದ್ದ ಹಂಗಾಮಾಗಿದ್ದರೆ ಇದೇ ಖರೀದಿದಾರ ಫೋನೇ ಎತ್ತುತ್ತಿರಲಿಲ್ಲ, ಡಿಸ್ಕ್ರಿಪೆನ್ಸಿ ತೋರಿಸಿ ದರ ಕಡಿಸುತ್ತಿದ್ದ. ಇದನ್ನು ಕೆಟ್ಟತನ ಅಂತ ನಾನು ಹೇಳಲ್ಲ. ಪೇಟೆ ಹೀಗೇ ನಡೆಯೋದು.

ಲಾರಿಗಳಿಗೆ ಬಿಡುಗಡೆ ಸಿಕ್ಕಿದ್ದು 3 ಜನವರಿಗೆ. ಪೆಟ್ರಾಪೋಲ್‌ನಲ್ಲಿ ಕಸ್ಟಮ್ಸ್ ಕೆಲಸ ಬೇಗ ಮುಗಿಯಿತು. ಕಾಯುವಿಕೆ ಎಲ್ಲ ಅದಕ್ಕೆ ಮೊದಲೇ ಆಗಿಹೋಗಿತ್ತು. ಹತ್ತಿಯ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲಿನ ಗುರುತಿನ ಸಂಖ್ಯೆ) 5201, ಬಿಲ್ಲಿನಲ್ಲಿ ಗೊಂದಲವಿರಲಿಲ್ಲ, ರಫ್ತಿಗೆ ಅಪ್ಪಣೆ ಅದೇ ದಿನ ಬಂತು. ಡ್ರೈವರ್‌ಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಕಾರ್ ಪಾಸ್ ಅನ್ನೋ ಕಾಗದದ ಮೇಲೆ ಬೆನಾಪೋಲ್ ಯಾರ್ಡ್‌ವರೆಗೆ ಹೋಗಿ, ಮಾಲು ಇಳಿಸಿ, ವಾಪಸ್ ಬರಬೇಕು. ಅದರಾಚೆ ನಮ್ಮ ಲಾರಿ ಹೋಗುವಂತಿಲ್ಲ. 5ಕ್ಕೆ ರಶೀದಿ ಕೈಗೆ ಬಂತು, ಅದರ ಬೆನ್ನಿಗೇ ಕಾಗದ ಬ್ಯಾಂಕಿಗೆ ಹೋಯಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆವು.

ಫೆರಿ

ಬೆನಾಪೋಲ್‌ನಿಂದ ಮುಂದೆ ಮಾಲು ಬಾಂಗ್ಲಾ ಲಾರಿಗಳಲ್ಲಿ ಹೋಗುತ್ತದೆ. 300 ಬೇಲ್ ನಾಲ್ಕು ಲಾರಿಗೆ ಹಂಚಿತು. ಜಶೋರ್, ಮಾಗುರಾ, ಫರೀದ್‌ಪುರ ಕಡೆಯಿಂದ ದೌಲತ್‌ದಿಯಾ ಘಾಟ್. ಅಲ್ಲಿ ಲಾರಿ ಸಮೇತ ಫೆರಿ ಹತ್ತಿ ಪದ್ಮಾ ನದಿ (ಗಂಗೆಗೆ ಅಲ್ಲಿಯ ಹೆಸರು) ದಾಟಿದರೆ ಆಚೆ ದಡ ಪಾಟುರಿಯಾ, ಆಮೇಲೆ ಮಾಣಿಕ್‌ಗಂಜ್, ಗಾಜೀಪುರ. ನಮ್ಮ ಕಡೆ ಕೃಷ್ಣೆಯ ನಡುಗಡ್ಡೆಗಳಿಗೆ ಹರಿಗೋಲಿನಲ್ಲಿ ದಾಟಿದವರಿಗೆ ಹೊಳೆ ಯಾವಾಗ ದಾಟಬೇಕು ಅಂತ ಹೊಳೆಯೇ ತೀರ್ಮಾನ ಮಾಡುತ್ತದೆ ಅನ್ನೋದು ಗೊತ್ತು. ಅಲ್ಲೂ ಅಷ್ಟೇ, ಬರೀ ಗಾತ್ರ ದೊಡ್ಡದು. ದೌಲತ್‌ದಿಯಾ ಹತ್ತಿರವೇ ಗಂಗೆಯ ನೀರಿಗೆ ಬ್ರಹ್ಮಪುತ್ರದ ನೀರು ಬಂದು ಸೇರುತ್ತದೆ. ಮಳೆಗಾಲದಲ್ಲಿ ಸೆಳೆತ, ಚಳಿಗಾಲದಲ್ಲಿ ಮಂಜು. ಮಂಜು ಮುಸುಕಿದರೆ ಫೆರಿ ನಿಲ್ಲಿಸುತ್ತಾರೆ, ಬೆಳಗ್ಗೆ ಬಿಸಿಲು ಬಂದ ಮೇಲೆ ಬಿಡುತ್ತಾರೆ.

ಆ ಹಂಗಾಮಿನಲ್ಲಿ ಈ ಘಾಟ್ ಮೇಲೆ ಒತ್ತಡ ಜಾಸ್ತಿಯೇ ಇತ್ತು. ಮಾವಾ ಕಡೆಯ ಇನ್ನೊಂದು ಫೆರಿ ದಾರಿಯಲ್ಲಿ ಜುಲೈ, ಆಗಸ್ಟ್ 2021ರಲ್ಲಿ ಫೆರಿಗಳು, ಆಗಿನ್ನೂ ಕಟ್ಟಲಾಗುತ್ತಿದ್ದ ಪದ್ಮಾ ಸೇತುವೆಯ ಕಂಬಗಳಿಗೆ ಒಂದಾದ ಮೇಲೊಂದು ಗುದ್ದಿದ್ದವು. ಅದಾದ ಮೇಲೆ ಭಾರೀ ಲಾರಿಗಳಿಗೆ ಆ ದಾರಿ ಇಲ್ಲದಂತಾಗಿ, ಎಲ್ಲ ಪಾಟುರಿಯಾ ಕಡೆ ತಿರುಗಿದವು. 27 ಅಕ್ಟೋಬರ್ 2021ರಂದು ಪಾಟುರಿಯಾ ಘಾಟ್‌ನಲ್ಲೇ ಅಮಾನತ್ ಶಾ ಎಂಬ ಫೆರಿ ಲಾರಿಗಳ ಸಮೇತ ಮಗುಚಿತ್ತು. ಸಾಲದ್ದಕ್ಕೆ, ಘಾಟ್‌ನಲ್ಲಿ ಬಸ್ಸಿಗೆ, ತರಕಾರಿ-ಮೀನಿನಂಥ ಕೊಳೆಯುವ ಮಾಲಿಗೆ ಮೊದಲ ಅವಕಾಶ. ಹತ್ತಿ ಕೊಳೆಯಲ್ಲವಲ್ಲ, ಕಾಯಲಿ ಅಂತ.

ನಾಲ್ಕರಲ್ಲಿ ಎರಡು ಲಾರಿ ಬೇಗ ದಾಟಿದವು. ಇನ್ನೆರಡು ದೌಲತ್‌ದಿಯಾ ಸಾಲಿನಲ್ಲಿ ಮಂಜಿಗೆ ಸಿಕ್ಕಿ ರಾತ್ರಿಗಳನ್ನು ಕಳೆದವು. ಗಾಜೀಪುರದಲ್ಲಿ ಇಳಿಸುವಾಗ 14 ಬೇಲ್ ಒದ್ದೆ. ಖರೀದಿದಾರನ ಕಡೆಯಿಂದ ಫೋಟೊ ಬಂತು. ಬೇಲಿನ ಬಟ್ಟೆ ಮೇಲೆ ಕಂದು ಬಣ್ಣದ ನೀರಿನ ಕಲೆ, ಪಟ್ಟಿಯ ಕೆಳಗೆ ತುಕ್ಕಿನ ಗೆರೆ. ಒಂದನ್ನು ಬಿಚ್ಚಿ ತೋರಿಸಿದ್ದರು. ಮೇಲಿನ ಪದರ ಗಟ್ಟಿಯಾಗಿ ಹಪ್ಪಳದ ಹಾಗೆ ಎದ್ದಿತ್ತು, ಒಳಗೆ ನಾಲ್ಕು ಬೆರಳು ಇಳಿದರೆ ಬಿಳಿ ಹತ್ತಿ ಹಾಗೇ ಇತ್ತು. ಜೊತೆಗೆ ಪರಿಹಾರದ ಪತ್ರ: ಒದ್ದೆ ಮಾಲಿನ ಹಣ ಕೊಡಿ, ಘಾಟ್‌ನಲ್ಲಿ ನಿಂತ ಲಾರಿಗಳ ಬಾಡಿಗೆಯನ್ನೂ ಕೊಡಿ.

ಅವರ ವಾದ ಕೇಳಿದರೆ ನಗು ಬರಬಹುದು. ಆದರೆ ಅದಕ್ಕೆ ಜಾಗ ಮಾಡಿಕೊಟ್ಟಿದ್ದು ಒಪ್ಪಂದವೇ. ಒಪ್ಪಂದದಲ್ಲಿ "ಸಿಎಫ್‌ಆರ್ ಬೆನಾಪೋಲ್" ಅಂತ ಇತ್ತು. ಗಡಿ ವ್ಯಾಪಾರದಲ್ಲಿ ಎಲ್ಲರೂ ಕೈ ಅಭ್ಯಾಸಕ್ಕೆ ಹೀಗೇ ಬರೆಯುತ್ತಾರೆ. ಬೆನಾಪೋಲ್‌ವರೆಗೆ ಬಾಡಿಗೆ ಮಾರುವವನದ್ದು ಅನ್ನೋದಷ್ಟೇ ಅವರ ಮನಸ್ಸಿನಲ್ಲಿರೋದು. ಆದರೆ ಖರ್ಚು, ಹೊಣೆ ಎಲ್ಲಿವರೆಗೆ ಯಾರದ್ದು ಅಂತ ಹೇಳುವ ಅಂತರರಾಷ್ಟ್ರೀಯ ಇನ್‌ಕೋಟರ್ಮ್ಸ್ ನಿಯಮದಲ್ಲಿ ಸಿಎಫ್‌ಆರ್ ಇರೋದು ಸಮುದ್ರ ಮತ್ತು ಒಳನಾಡು ಜಲಮಾರ್ಗಕ್ಕೆ ಮಾತ್ರ. ಮಾಲಿನ ಹೊಣೆ ಕೈ ಬದಲಾಗೋದು ಅದು ಹಡಗು ಹತ್ತಿದಾಗ. ಗಾಜೀಪುರದ ಗುಮಾಸ್ತ ಇದನ್ನೇ ಹಿಡಿದ: ಈ ಇಡೀ ದಾರಿಯಲ್ಲಿ ನೀರ ಮೇಲೆ ತೇಲಿದ್ದು ಪದ್ಮಾ ಫೆರಿ ಒಂದೇ. ಹಾಗಾದರೆ ಫೆರಿ ಹತ್ತುವವರೆಗೆ ಹೊಣೆ ನಿಮ್ಮದೇ ತಾನೆ?

ಜಾಣ ವಾದ, ನಿಜ. ಆದರೆ ನಿಲ್ಲಲ್ಲ. ಸಿಎಫ್‌ಆರ್ ಪಕ್ಕದಲ್ಲೇ ಬೆನಾಪೋಲ್ ಅಂತಿದೆ, ಫೆರಿ ಬರೋದು ಅದನ್ನು ದಾಟಿದ ಮೇಲೆ. ಫೆರಿಗೆ ಲಾರಿ ಹತ್ತಿಸಿದ್ದು ಖರೀದಿದಾರ ಗೊತ್ತು ಮಾಡಿದ ಲಾರಿಯವರು, ಅವರದ್ದೇ ಬಾಡಿಗೆ. ಆದರೂ ಬರೀ ನಿಯಮದ ಮಾತಿನಿಂದ ಈ ಜಗಳ ಬಗೆಹರಿಯುತ್ತಿತ್ತು ಅಂತ ನನಗೆ ಅನಿಸಲ್ಲ. ಬಗೆಹರಿಸಿದ್ದು ನಮ್ಮ ಡ್ರೈವರ್ ಒಬ್ಬರ ಫೋನು.

ಮಸ್ಕಿ ಕಡೆಯ ಆ ಡ್ರೈವರ್ ಬೆನಾಪೋಲ್ ಯಾರ್ಡ್‌ನಲ್ಲಿ ತಾಡಪತ್ರಿ ಬಿಚ್ಚುವಾಗಿಂದ ಬೇಲ್ ಇಳಿಸಿ ಮುಗಿಯುವವರೆಗೆ ಫೋಟೊ ಹೊಡೆದಿದ್ದರು. ಯಾರೂ ಹೇಳಿದ್ದಲ್ಲ. ಹಿಂದೊಮ್ಮೆ ಇನ್ಯಾವುದೋ ಮಾಲಿಗೆ ತಮ್ಮ ಬಾಡಿಗೆಯಲ್ಲಿ ಹಣ ಮುರಿದಿದ್ದರಂತೆ, ಅಂದಿನಿಂದ ಈ ರೂಢಿ. ಪ್ರತಿ ಬೇಲಿನ ಮೇಲೂ ಪ್ರೆಸ್ಸಿನ ಪಿ.ಆರ್. ನಂಬರ್ ಬರೆದಿರುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿದರೆ ಒದ್ದೆಯಾದ 14ರಲ್ಲಿ 9 ಬೇಲಿನ ನಂಬರ್ ಸಿಕ್ಕವು. ಒಂಬತ್ತೂ ಒಣಗಿದ್ದವು, ಬಟ್ಟೆ ಸ್ವಚ್ಛವಾಗಿತ್ತು. ಬೆನಾಪೋಲ್ ರಶೀದಿಯಲ್ಲೂ ಹಾನಿಯ ಷರಾ ಇರಲಿಲ್ಲ. ಎಲ್‌ಸಿಯಲ್ಲಿ ಸೇರಿಸಿದ್ದ ಆ ರಶೀದಿಯ ಸಾಲು ಕೊನೆಗೆ ನಮಗೇ ಸಾಕ್ಷಿಯಾಯಿತು.

ಅವರದ್ದೇ ತೂಕದ ಚೀಟಿಯೂ ನಮ್ಮ ಪರವಾಗಿತ್ತು. ಒದ್ದೆ ಬೇಲ್‌ಗಳು ರಾಯಚೂರಿನ ತೂಕಕ್ಕಿಂತ ಭಾರವಾಗಿ ತೂಗಿದ್ದವು. ಉಳಿದವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮಿಲ್‌ನಲ್ಲೇ ಒದ್ದೆ ಇದ್ದಿದ್ದರೆ ನಮ್ಮ ತೂಕದಲ್ಲೇ ಅದು ಕಾಣಬೇಕಿತ್ತು. ಬೆನಾಪೋಲ್ ಆಚೆಗೆ ವಿಮೆ ಖರೀದಿದಾರನದ್ದು. ಪಿ.ಆರ್. ನಂಬರ್ ಇರುವ ಫೋಟೊಗಳನ್ನೂ ಪ್ಯಾಕಿಂಗ್ ಲಿಸ್ಟನ್ನೂ ಅವರ ವಿಮೆ ಕ್ಲೇಮಿಗೆ ಬೇಕಾದ ಹಾಗೆ ಜೋಡಿಸಿ ಕಳಿಸಿಕೊಟ್ಟೆವು. ಪರಿಹಾರದ ಪತ್ರ ವಾಪಸ್ ತೆಗೆದುಕೊಂಡರು. ಘಾಟ್ ಬಾಡಿಗೆಯ ಮಾತು ಮತ್ತೆ ಬರಲಿಲ್ಲ.

ಮುಂದಿನ ಒಪ್ಪಂದದಲ್ಲಿ ಬದಲಾದದ್ದು

ಸಿಎಫ್‌ಆರ್ ಹೋಯಿತು. ಅದರ ಜಾಗಕ್ಕೆ ಸಿಪಿಟಿ ಬೆನಾಪೋಲ್ ಬಂತು. ಅದು ಯಾವ ಸಾಗಣೆಗಾದರೂ ಸಲ್ಲುತ್ತದೆ, ಮೊದಲ ಸಾಗಣೆದಾರನ ಕೈಗೆ ಮಾಲು ಕೊಟ್ಟಲ್ಲಿಗೆ ಹೊಣೆ ಖರೀದಿದಾರನದ್ದು. ಇದನ್ನು ಅವರು ಸುಲಭಕ್ಕೆ ಒಪ್ಪಲಿಲ್ಲ, ಡಿಎಪಿ ಬೆನಾಪೋಲ್ ಕೇಳಿದರು. ಅಂದರೆ ಬೆನಾಪೋಲ್ ಮುಟ್ಟುವವರೆಗೂ ಹೊಣೆ ಮಾರುವವನದ್ದು. ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಸಿಪಿಟಿ ಉಳಿಸಿಕೊಂಡರು ಸಾವ್ಕಾರ್ರು. ನನ್ನ ಕೇಳಿದ್ದರೆ ಡಿಎಪಿ ತೆಗೆದುಕೊಂಡು ವಿಮೆ ಗಟ್ಟಿ ಮಾಡಿಕೊಳ್ಳಿ ಅನ್ನುತ್ತಿದ್ದೆ. ಆದರೆ ದುಡ್ಡು ಅವರದ್ದು. ಕಾಗದ ಕೊಡುವ ಅವಧಿಯನ್ನು ಶುರುವಿನಲ್ಲೇ 45 ದಿನ ಬರೆಸಿದರು, ಅದರಲ್ಲಿ ತಕರಾರು ಬರಲಿಲ್ಲ.

ದಾರಿಯೂ ಬದಲಾಗಿದೆ. 25 ಜೂನ್ 2022ಕ್ಕೆ 6.15 ಕಿ.ಮೀ. ಉದ್ದದ ಪದ್ಮಾ ಸೇತುವೆ ತೆರೆಯಿತು. ಅಕ್ಟೋಬರ್‌ನಲ್ಲಿ ಮಧುಮತಿ ನದಿಗೆ ಕಾಲ್ನಾ ಸೇತುವೆಯೂ ಆಯಿತು. ಬೆನಾಪೋಲ್-ಢಾಕಾ ಲಾರಿಗಳಿಗೆ ದೌಲತ್‌ದಿಯಾ ಫೆರಿ ಈಗ ಅನಿವಾರ್ಯ ಅಲ್ಲ. ಈ ಕಡೆ ಪಶ್ಚಿಮ ಬಂಗಾಳ ಸರ್ಕಾರ 2022ರಲ್ಲಿ ಸುವಿಧಾ ಎಂಬ ಆನ್‌ಲೈನ್ ಸ್ಲಾಟ್ ತಂದಿತು, ದಿನ ಗೊತ್ತು ಮಾಡಿಕೊಂಡು ಲಾರಿ ಕಳಿಸಬಹುದು. ರೈಲಿನ ದಾರಿಯೂ ಇದೆ. ಗುಂಟೂರು ಕಡೆಯ ಮೆಣಸಿನಕಾಯಿಯವರು ಜುಲೈ 2020ರಲ್ಲೇ ರೆಡ್ಡಿಪಾಲೆಂನಿಂದ ಬೆನಾಪೋಲ್‌ಗೆ ಪಾರ್ಸೆಲ್ ರೈಲಿನಲ್ಲಿ 384 ಟನ್ ಕಳಿಸಿದ್ದರು. 51 ಟನ್ ಇಟ್ಟುಕೊಂಡವರಿಗೆ ರೈಲು ತುಂಬೋದು ಕಷ್ಟ, ನಾಲ್ಕೈದು ಮಿಲ್‌ನವರು ಕೂಡಬೇಕು. ಗಂಜ್‌ನಲ್ಲಿ ಆ ಮಾತು ಆಗಾಗ ಏಳುತ್ತದೆ, ಹಂಗಾಮು ಮುಗಿದ ಮೇಲೆ ತಣ್ಣಗಾಗುತ್ತದೆ.

ಕೊನೆಗೆ ಉಳಿದದ್ದು ಹಾಲ್ಟಿಂಗ್, ಅಂದರೆ ಲಾರಿ ನಿಂತ ದಿನಗಳ ಬಾಡಿಗೆ. ಮೂರು ಲಾರಿ, ಬನಗಾಂವ್‌ನಲ್ಲಿ ಹತ್ತೊಂಬತ್ತು ದಿನ. ಲಾರಿ ಮಾಲೀಕರು ದಿನದ ಲೆಕ್ಕದಲ್ಲಿ ಪೂರ್ತಿ ಕೇಳಿದರು, ಪಾರ್ಕಿಂಗ್ ಚೀಟಿಗಳ ಕಟ್ಟನ್ನೂ ತಂದು ಮುಂದಿಟ್ಟರು. ಖರೀದಿದಾರ ಕೊಡಲ್ಲ ಅಂದ, ಬೆನಾಪೋಲ್‌ವರೆಗಿನ ಖರ್ಚು ನಿಮ್ಮದು ಅಂತ. ಆ ಮಾತಿನಲ್ಲಿ ತಪ್ಪೂ ಇರಲಿಲ್ಲ. ಎಲ್‌ಆರ್ ಹಿಂದೆ ಅಚ್ಚಾಗಿದ್ದ ಷರತ್ತಿನಲ್ಲಿ ಹಾಲ್ಟಿಂಗ್ ದರವೇ ಖಾಲಿ ಬಿಟ್ಟಿತ್ತು. ಗಂಜ್‌ನ ಹಿರಿಯ ದಲಾಲರೊಬ್ಬರ ಅಂಗಡಿಯಲ್ಲಿ ಕೂತು ಮಾತು ಮುಗಿಸಿದರು: ಪಾರ್ಕಿಂಗ್ ಪೂರ್ತಿ ಮಿಲ್‌ನದ್ದು, ಹಾಲ್ಟಿಂಗ್‌ನಲ್ಲಿ ಮೊದಲ ಐದು ದಿನ ಬಿಟ್ಟು ಉಳಿದದ್ದಕ್ಕೆ ಅರ್ಧ. ಡ್ರೈವರ್‌ಗಳ ಭತ್ಯೆಯನ್ನು ಸಾವ್ಕಾರ್ರು ಬೇರೆಯಾಗಿ, ನೇರವಾಗಿ ಅವರ ಕೈಗೇ ಕೊಟ್ಟರು. ಫೋಟೊ ಹೊಡೆದ ಡ್ರೈವರ್‌ಗೆ ಸ್ವಲ್ಪ ಜಾಸ್ತಿ.